ಎರ್ನಾ ಕಾದಿರಿಸಿದ ಜಾಗ

ದೇವೇಂದ್ರ ತೀರಿಕೊಂಡು ಏಳು ತಿಂಗಳಾದ ಮೇಲೆ ಅವನ ಹೆಸರಿಗೊಂದು ಕಾಗದ ಬಂತು. ಮನೆಗಲ್ಲ, ಅವನು ಕೆಲಸ ಮಾಡುತ್ತಿದ್ದ ಸ್ಟರ್ಲಿಂಗ್ ಹೈಟ್ಸ್‌ನ ಕಾರ್ಖಾನೆಗೆ. ಅಲ್ಲಿ ಅವನ ಪಕ್ಕದಲ್ಲೇ ಕೂರುತ್ತಿದ್ದ ಶಂಕರ್ ಅದನ್ನು ಎರಡು ದಿನ ಮೇಜಿನ ಮೇಲಿಟ್ಟುಕೊಂಡಿದ್ದು, ಮೂರನೆಯ ದಿನ ವಿಕ್ಸಮ್‌ನ ಮನೆಗೆ ತಂದು ದೇವೇಂದ್ರನ ಹೆಂಡತಿ ಲತಾಶ್ರೀಯ ಕೈಗೆ ಕೊಟ್ಟ.

“ಓಪನ್ ಮಾಡಿಲ್ಲ ಲತಕ್ಕ,” ಅಂದ ಬಾಗಿಲಲ್ಲೇ ನಿಂತು. “ರಿಟರ್ನ್ ಮಾಡ್ಲಾ, ನಿಮಗೇ ಕೊಡ್ಲಾ ಅಂತ ಯೋಚ್ನೆ ಮಾಡ್ತಿದ್ದೆ.”

“ತಂದಿದ್ದು ಒಳ್ಳೇದಾಯ್ತು. ಒಳಗ್ ಬಾ, ಕಾಫಿ ಮಾಡ್ತೀನಿ.”

“ಇಲ್ಲ ಅಕ್ಕ, ಟ್ರಾಫಿಕ್ ಶುರುವಾಗತ್ತೆ,” ಅಂದವನು ಕಾಗದ ಕೈಬಿಟ್ಟರೆ ಸಾಕೆಂಬಂತೆ ಹೊರಟುಹೋದ.

ಲಕೋಟೆಯಲ್ಲಿದ್ದದ್ದು ಒಂದು ಹಳದಿ ಕರಪತ್ರ. ಸ್ಟರ್ಲಿಂಗ್ ಹೈಟ್ಸ್‌ನ ಜರ್ಮನ್ ಕ್ಲಬ್ಬಿನವರು ವರ್ಷವರ್ಷವೂ ನಡೆಸುವ ಬಿಯರ್ ಹಬ್ಬದ್ದು. ಅದರ ಹಿಂಬದಿಗೆ ಯಾರೋ ನಡುಗುವ ಕೈಯಲ್ಲಿ ಬರೆದಿದ್ದರು: ‘ಡೇವ್, ಚಳಿಗಾಲದಿಂದ ನಿನ್ನ ಸುದ್ದಿಯಿಲ್ಲ. ಈ ಸಲವೂ ನಮ್ಮ ಮೇಜಿನಲ್ಲಿ ನಿನ್ನ ಜಾಗ ಕಾದಿರಿಸಿದ್ದೇನೆ. ಶನಿವಾರ ಮಧ್ಯಾಹ್ನ ಒಂದು ಗಂಟೆಗೆ. ನಿನ್ನ ಎರ್ನಾ.’

ಲತಾಶ್ರೀ ಅದನ್ನು ಮೂರು ಸಲ ಓದಿದಳು. ಯಾರ ಮನೆಯ ಊಟಕ್ಕೆ ಹೋದರೂ ಕೋಕ್ ಡಬ್ಬಿ ಹಿಡಿದು ಮೂಲೆ ಸೇರುತ್ತಿದ್ದವನು ದೇವೇಂದ್ರ. ಬಿಯರ್ ಹಬ್ಬ ಅವನಿಗೆ ಎಲ್ಲಿಂದ ಗಂಟುಬಿತ್ತು? ಎಷ್ಟೋ ಶನಿವಾರ ‘ಓವರ್‌ಟೈಮ್ ಇದೆ’ ಎಂದು ಹೊರಟು ಸಂಜೆ ಬಂದಾಗ ಅವನ ಶರಟಿನಲ್ಲಿ ಹೊಗೆಯ, ಸುಟ್ಟ ಮಾಂಸದ ವಾಸನೆ ಇರುತ್ತಿದ್ದದ್ದು ಈಗ ನೆನಪಾಯಿತು. ಆಗ ಅವಳು ಕೇಳಿರಲಿಲ್ಲ. ಕೇಳುವ ಅಭ್ಯಾಸವೇ ಆ ಮನೆಯಲ್ಲಿ ಆರು ವರ್ಷದ ಹಿಂದೆ ನಿಂತುಹೋಗಿತ್ತು.

ತೊಂಬತ್ತೆಂಟರ ಅಕ್ಟೋಬರಿನಲ್ಲಿ ಅವರಿಗೊಂದು ಹೆಣ್ಣುಮಗು ಹುಟ್ಟಿತ್ತು. ಏಳೇ ತಿಂಗಳಿಗೆ. ಮೂರು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು ಹೋಯಿತು. ಹೆಸರಿಡುವಷ್ಟು ದಿನವೂ ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದವಳೇ ಲತಾಶ್ರೀ ತೊಟ್ಟಿಲನ್ನು ಯಾರಿಗೋ ಕೊಟ್ಟುಬಿಟ್ಟು ಗಂಡನಿಗೆ ಹೇಳಿದ್ದಳು: “ನೋಡಿ, ಆ ವಿಷಯ ಇನ್ನು ಈ ಮನೇಲಿ ಎತ್ತಬೇಡಿ.” ಅವನು ಎತ್ತಲಿಲ್ಲ. ಆ ಒಂದು ಮಾತನ್ನು ಮುಚ್ಚಿಟ್ಟ ಮೇಲೆ ಉಳಿದ ಮಾತುಗಳೂ ಒಂದೊಂದಾಗಿ ಸೊರಗಿದವು. ಇಬ್ಬರೂ ಕೆಲಸಕ್ಕೆ ಹೋದರು, ಬಂದರು, ಉಂಡರು, ಟೀವಿ ನೋಡಿದರು. ಈ ಫೆಬ್ರವರಿಯ ಒಂದು ಬೆಳಿಗ್ಗೆ ಮನೆಯ ಮುಂದಿನ ಹಿಮ ಎತ್ತುತ್ತಿದ್ದ ದೇವೇಂದ್ರ ಬಗ್ಗಿದ. ಕಿಟಕಿಯಿಂದ ನೋಡುತ್ತಿದ್ದ ಅವಳು ಸಲಿಕೆ ಕೈಜಾರಿರಬೇಕು ಅಂದುಕೊಂಡಳು. ಅವನು ಏಳಲಿಲ್ಲ. ನಲವತ್ತೊಂದು ವರ್ಷ.

ಈಗ ಸಿಟ್ಟು ಬಂದೀತೆಂದು ಕಾದಳು, ಬರಲಿಲ್ಲ. ಎದುರಿಗೆ ಇಲ್ಲದವನ ಮೇಲೆ ಎಷ್ಟೆಂದು ಸಿಟ್ಟಾಗುವುದು? ಆದರೆ ಆ ಎರ್ನಾ ಎಂಬುವಳ ಮುಖ ನೋಡದೆ ಇರಲಾರೆ ಅನ್ನಿಸಿತು.

ಶನಿವಾರ ಅವಳು ಮೂವತ್ತೈದು ಮೈಲಿ ಡ್ರೈವ್ ಮಾಡಿಕೊಂಡು ಹೋದಳು. ಸೆಪ್ಟೆಂಬರಿನ ಎಳೆ ಬಿಸಿಲು. ಕ್ಲಬ್ಬಿನ ಹಿಂದಿನ ಹುಲ್ಲುಹಾಸಿನ ಮೇಲೆ ನೀಲಿ-ಬಿಳಿ ಪಟ್ಟಿಯ ದೊಡ್ಡ ಡೇರೆ ಹಾಕಿದ್ದರು. ಒಳಗೆ ಸಾಲುಸಾಲು ಉದ್ದನೆಯ ಮೇಜು, ಬೆಂಚು. ಮೊಣಕಾಲವರೆಗಿನ ತೊಗಲಿನ ಚಡ್ಡಿ ಹಾಕಿದ ಮುದುಕರು ವೇದಿಕೆಯ ಮೇಲೆ ಹಿತ್ತಾಳೆಯ ದೊಡ್ಡ ಕಹಳೆಗಳನ್ನು ಊದುತ್ತಿದ್ದರು. ಒಬ್ಬ ಹೆಂಗಸು ಎರಡು ಕೈಯಲ್ಲಿ ಎಂಟು ಬಿಯರ್ ಮಗ್ಗುಗಳನ್ನು, ಒಂದೊಂದೂ ಲೀಟರಿನದು, ಎದೆಗೆ ಆನಿಸಿಕೊಂಡು ಜನರ ನಡುವೆ ನುಸುಳುತ್ತಿದ್ದಳು. ಕೋಳಿ ಬೇಯುವ ಹೊಗೆ ಡೇರೆಯೊಳಕ್ಕೆ ನುಗ್ಗುತ್ತಿತ್ತು. ಆ ವಾಸನೆ ಮೂಗಿಗೆ ತಾಕಿದ್ದೇ ಲತಾಶ್ರೀ ನಿಂತುಬಿಟ್ಟಳು. ಅದು ದೇವೇಂದ್ರನ ಶರಟಿನ ವಾಸನೆ. ಬೆನ್ನ ಹಿಂದೆಯೇ ಅವನು ನಿಂತಿದ್ದಾನೆ ಅನ್ನಿಸಿ ತಿರುಗಿ ನೋಡಿದಳು. ಯಾರೋ ಅಪರಿಚಿತ “ಎಕ್ಸ್‌ಕ್ಯೂಸ್ ಮಿ” ಎಂದು ದಾಟಿ ಹೋದ.

ಎರ್ನಾ ಎಲ್ಲಿ ಎಂದು ಟಿಕೆಟ್ ಹರಿಯುವವನನ್ನು ಕೇಳಿದಳು. ಅವನು ವೇದಿಕೆಯ ಪಕ್ಕದ ಮೇಜು ತೋರಿಸಿದ. ಅಲ್ಲಿ ಆರು ಮಂದಿ ವಯಸ್ಸಾದವರು ಕೂತಿದ್ದರು. ಏಳನೆಯ ಜಾಗ ಖಾಲಿ. ಅದರ ಮುಂದೆ ಬೋರಲು ಹಾಕಿದ ಬೂದು ಬಣ್ಣದ ಪಿಂಗಾಣಿ ಮಗ್ಗು. ಪಕ್ಕದಲ್ಲಿ ಎಪ್ಪತ್ತೈದರ ಆಸುಪಾಸಿನ ತೆಳ್ಳನೆಯ ಹೆಂಗಸು, ಬಿಳಿ ಜಡೆಯನ್ನು ತಲೆಯ ಸುತ್ತ ಸುತ್ತಿಕೊಂಡವಳು, ಬಾಗಿಲನ್ನೇ ನೋಡುತ್ತಿದ್ದಳು. ಮೂವತ್ತೈದು ಮೈಲಿ ಹೊತ್ತು ತಂದಿದ್ದ ಸಂಶಯ ಅಲ್ಲೇ ಕರಗಿತು. ಅದರ ಜಾಗಕ್ಕೆ ಏನು ಬರಬೇಕೋ ತಿಳಿಯಲಿಲ್ಲ.

“ಡೇವ್ ಕಡೆಯವರಾ?” ಮುದುಕಿಯೇ ಕೇಳಿದಳು. ಅವಳ ಇಂಗ್ಲಿಷ್ ಗಡುಸಾಗಿತ್ತು, ಒಂದೊಂದು ಮಾತೂ ಕಲ್ಲು ಜೋಡಿಸಿಟ್ಟ ಹಾಗೆ. “ಅವನೆಲ್ಲಿ?”

“ಫೆಬ್ರವರಿಯಲ್ಲಿ ತೀರಿಕೊಂಡ. ಹಾರ್ಟ್ ಅಟ್ಯಾಕ್.”

ಎರ್ನಾ ಪಕ್ಕಕ್ಕೆ ತಿರುಗಿದಳು. ಜರ್ಮನ್ ಭಾಷೆಯಲ್ಲಿ ಮೇಜಿನವರಿಗೆ ಎರಡು ಮಾತು ಹೇಳಿದಳು. ಆರೂ ಜನ ಎದ್ದು ನಿಂತರು. ಡೇರೆಯಲ್ಲೆಲ್ಲ ಜನ ಬೆಂಚು ಕುಟ್ಟಿ ಹಾಡುತ್ತಿದ್ದರು; ಆ ಒಂದು ಮೇಜು ಮಾತ್ರ ನಿಶ್ಶಬ್ದವಾಗಿ ನಿಂತಿತ್ತು. ಒಬ್ಬ ಮುದುಕ ಬೋರಲಿದ್ದ ಮಗ್ಗನ್ನು ತಿರುಗಿಸಿ ಬಿಯರ್ ತುಂಬಿಸಿ ಒಂದು ಗುಟುಕು ಕುಡಿದು ಪಕ್ಕದವನಿಗೆ ಕೊಟ್ಟ. ಹಾಗೇ ಕೈಯಿಂದ ಕೈಗೆ ಬಂದು ಕೊನೆಗೆ ಅದು ಲತಾಶ್ರೀಯ ಮುಂದೆ ನಿಂತಿತು. ಹುಟ್ಟಿದಾರಭ್ಯ ಮುಟ್ಟದವಳು ಕಣ್ಣು ಮುಚ್ಚಿ ಒಂದು ಗುಟುಕು ನುಂಗಿದಳು. ನೊರೆ, ಕಹಿ.

“ಹೋಗಲಿ,” ಅಂದಳು ಎರ್ನಾ, ಕೂತುಕೊಂಡು. “ಈಗಲಾದರೂ ಹೆಂಡತಿ, ಮಗಳ ಜೊತೆ ಸೇರಿಕೊಂಡ.”

“ಹೆಂಡತಿ?”

“ಲತಾ ಮಗುವಿನ ಜೊತೆಗೇ ಹೋದಳಲ್ಲ. ನಿನಗೆ ಗೊತ್ತಿಲ್ಲವೇ? ನೀನು ಅವನಿಗೆ ಏನಾಗಬೇಕು?”

ಕಹಳೆಗಳು ಮೊರೆಯುತ್ತಿದ್ದವು. ಲತಾಶ್ರೀಗೆ ತನ್ನ ಬಾಯಿಂದ ಹೊರಟದ್ದು ತನಗೇ ದೂರದಿಂದ ಕೇಳಿಸಿತು. “ತಂಗಿ,” ಅಂದಿದ್ದಳು.

ಎರ್ನಾ ಅವಳ ಕೈಹಿಡಿದು ಪಕ್ಕದಲ್ಲಿ, ಆ ಖಾಲಿ ಜಾಗದಲ್ಲೇ ಕೂರಿಸಿಕೊಂಡಳು. ದೇವೇಂದ್ರನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬಡಿಸುತ್ತಿದ್ದವಳಂತೆ ಅವಳು. ತೊಂಬತ್ತೆಂಟರ ಚಳಿಗಾಲದಲ್ಲಿ ಒಬ್ಬ ಭಾರತೀಯ ದಿನಾ ಬಂದು ತಟ್ಟೆಯ ಮುಂದೆ ಕೂತು ಉಣ್ಣದೆ ಎದ್ದುಹೋಗುವುದನ್ನು ಕಂಡಳು. ಒಂದು ದಿನ ಸುಮ್ಮನೆ ಎದುರಿಗೆ ಹೋಗಿ ಕೂತಳು. “ಕೇಳಿದೆ. ಯಾರು ಹೋದರು ಅಂತ. ‘ಮಗು’ ಅಂದ. ಆಮೇಲೆ ತುಂಬ ಹೊತ್ತು ಬಿಟ್ಟು, ‘ಹೆಂಡತಿಯೂ’ ಅಂದ. ಮುಂದಿನ ಹಬ್ಬಕ್ಕೆ ಇಲ್ಲಿಗೆ ಕರೆದುಕೊಂಡು ಬಂದೆ. ಬೆಂಚು ಹೊತ್ತ, ಡೇರೆ ಕಟ್ಟಿದ. ನಮ್ಮ ಹಾಡುಗಳನ್ನು ಕಲಿತ. ಅರ್ಥ ಗೊತ್ತಿರಲಿಲ್ಲ, ಧ್ವನಿ ಮಾತ್ರ ಎಲ್ಲರಿಗಿಂತ ಜೋರು.”

ದೇವೇಂದ್ರ ಹಾಡುತ್ತಿದ್ದ ಎನ್ನುವುದನ್ನು ಲತಾಶ್ರೀ ಹನ್ನೆರಡು ವರ್ಷದ ಸಂಸಾರದಲ್ಲಿ ಕೇಳಿರಲಿಲ್ಲ.

“ಹೆಂಡತಿ ವಿಷಯ ಏನು ಹೇಳುತ್ತಿದ್ದ?” ಕೇಳಬಾರದೆಂದುಕೊಂಡೇ ಕೇಳಿದಳು.

“ಎಲ್ಲ ಹೇಳುತ್ತಿದ್ದ. ನಗುವಾಗ ಅಂಗೈ ಅಡ್ಡ ಹಿಡಿಯುತ್ತಿದ್ದಳಂತೆ. ಕಾರಿನಲ್ಲಿ ಅವನು ದಾರಿ ತಪ್ಪಿದರೆ ಬೇಕೆಂದೇ ಇನ್ನೊಂದು ತಪ್ಪು ಎಕ್ಸಿಟ್ ತೋರಿಸುತ್ತಿದ್ದಳಂತೆ, ಸುತ್ತಾಟ ಜಾಸ್ತಿಯಾಗಲಿ ಅಂತ. ಚಪಾತಿ ಹಿಟ್ಟಿನಲ್ಲಿ ಆನೆ, ಇಲಿ ಮಾಡಿಡುತ್ತಿದ್ದಳಂತೆ. ಒಳ್ಳೆಯ ಹುಡುಗಿ ಇದ್ದಿರಬೇಕು.”

ಲತಾಶ್ರೀ ತನ್ನ ಕೈಗಳನ್ನು ನೋಡಿಕೊಂಡಳು. ಯಾರದೋ ಕೈಗಳನ್ನು ಮೇಜಿನ ಮೇಲೆ ಇಟ್ಟಂತಿತ್ತು. ಸುತ್ತ ನೂರಾರು ಜನ ನಕ್ಕು ಕುಣಿಯುತ್ತಿದ್ದರು, ಒಬ್ಬರೂ ಅವಳತ್ತ ನೋಡುತ್ತಿರಲಿಲ್ಲ. ಹಿಟ್ಟಿನ ಆನೆ ಮಾಡುತ್ತಿದ್ದ ಆ ಹುಡುಗಿ ಸತ್ತದ್ದು ಸುಳ್ಳೆಂದು ಹೇಳಲು ತನ್ನ ಬಳಿ ಏನು ಸಾಕ್ಷಿಯಿದೆ ಎಂದು ಯೋಚಿಸಿದಳು. ಒಂದೂ ಹೊಳೆಯಲಿಲ್ಲ.

“ಬಾ, ಅವನು ಬರೆದದ್ದು ತೋರಿಸುತ್ತೇನೆ. ನಮಗೆ ಯಾರಿಗೂ ಓದಲು ಬರುವುದಿಲ್ಲ. ನಿನಗೆ ಬರುತ್ತದೆ.”

ಕ್ಲಬ್ಬಿನ ಕಟ್ಟಡದೊಳಗೆ, ಸಭಾಂಗಣದ ಪಕ್ಕದಲ್ಲಿ ಒಂದು ಸಣ್ಣ ಕೋಣೆ. ಬಾಗಿಲು ಹಾಕಿದ್ದೇ ಹಬ್ಬದ ಸದ್ದು ಗೋಡೆಯಾಚೆಯ ಗುಡುಗಿನಂತಾಯಿತು. ಒಳಗೆ ಒಂದು ಪೀಠ, ಅದರ ಮೇಲೆ ದಪ್ಪ ರಟ್ಟಿನ ಪುಸ್ತಕ. ಎರ್ನಾ ಅದರ ಹಾಳೆ ಮಗುಚುತ್ತ ಹೇಳಿದಳು: ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಜರ್ಮನ್ನರೆಂಬ ಕಾರಣಕ್ಕೆ, ಅವಳ ಹಳ್ಳಿಯವರನ್ನೆಲ್ಲ ಊರು ಬಿಡಿಸಿ ಶಿಬಿರಕ್ಕೆ ತಳ್ಳಿದ್ದರು. ಅಲ್ಲಿ ಅವಳ ಎರಡು ವರ್ಷದ ತಮ್ಮ ಹಸಿದು ಸತ್ತ. ಎಲ್ಲಿ ಹೂತರೋ ಗೊತ್ತಿಲ್ಲ. ಅಂಥವರ ಹೆಸರು ಬರೆಯಲೆಂದೇ ಈ ಪುಸ್ತಕ. ನವೆಂಬರಿನ ಮೊದಲ ಭಾನುವಾರ ಎಲ್ಲರೂ ಬಂದು ತಂತಮ್ಮ ಹೆಸರುಗಳನ್ನು ಮತ್ತೆ ಬರೆದು, ಹೆಸರಿಗೊಂದು ಮೇಣದ ದೀಪ ಹಚ್ಚುತ್ತಾರೆ. “ಡೇವ್ ಬಂದು ಕೇಳಿದ, ನನ್ನ ಮಗುವಿಗೂ ಗೋರಿಯಿಲ್ಲ, ಬರೆಯಬಹುದೇ ಅಂತ.”

ಸಾಲುಸಾಲು ಜರ್ಮನ್ ಹೆಸರುಗಳ ನಡುವೆ, ಐದು ವರ್ಷದ ಐದು ಹಾಳೆಗಳಲ್ಲಿ, ದೇವೇಂದ್ರನ ದುಂಡಗಿನ ಕನ್ನಡ ಅಕ್ಷರ. ಲತಾ. ಅದರ ಕೆಳಗೆ, ನಿಂಗಮ್ಮ.

ನಿಂಗಮ್ಮ ಎಂದರೆ ಮದ್ದೂರಿನ ಹತ್ತಿರ ಅವನನ್ನು ಸಾಕಿ ಬೆಳೆಸಿದ ಅಜ್ಜಿ. ಆ ಹೆಸರನ್ನು ಮಗುವಿಗೆ ಇಟ್ಟಿದ್ದ. ಹೆತ್ತವಳಿಗೆ ಹೇಳದೆ, ಹೇಳಲು ಬಿಡದ ಮನೆಯಿಂದ ಮೂವತ್ತೈದು ಮೈಲಿ ಆಚೆ ಬಂದು ಇಟ್ಟಿದ್ದ. ಐದು ವರ್ಷದಿಂದ ಅವಳ ಮಗಳಿಗೊಂದು ಹೆಸರಿತ್ತು. ಕನ್ನಡ ಓದಲು ಬಾರದ ಮುದುಕಿಗೆ ಗೊತ್ತಿದ್ದ ಆ ಹೆಸರು ಅವಳಿಗೆ ಗೊತ್ತಿರಲಿಲ್ಲ.

ಕೊನೆಯ ಹಾಳೆ ಕಳೆದ ನವೆಂಬರಿನದು. ಅಲ್ಲಿ ‘ಲತಾ’ ಎಂಬುದರ ಮುಂದೆ ಇನ್ನೆರಡು ಶಬ್ದಗಳಿದ್ದವು: ಇವತ್ತು ನಕ್ಕಳು.

“ಏನಂತ ಬರೆದಿದ್ದಾನೆ?” ಎರ್ನಾ ಕೇಳಿದಳು.

ಲತಾಶ್ರೀ ಓದಿ ಹೇಳಿದಳು. ಎರ್ನಾಳ ಹುಬ್ಬು ಗಂಟಿಕ್ಕಿತು. “ಸತ್ತವಳು ಹೇಗೆ ನಗುತ್ತಾಳೆ? ಕನಸಿನಲ್ಲೋ?”

“ನಾನೇ ಲತಾ,” ಅಂದಳು. “ನಾನು ಅವನ ತಂಗಿ ಅಲ್ಲ.”

ಎರ್ನಾ ಅವಳ ಮೊಣಕೈ ಮೇಲಿಟ್ಟಿದ್ದ ಕೈಯನ್ನು ತಟ್ಟನೆ ಹಿಂದಕ್ಕೆ ಎಳೆದುಕೊಂಡು ಶಿಲುಬೆಯ ಗುರುತು ಮಾಡಿಕೊಂಡಳು. ಗೋಡೆಯಾಚೆ ಯಾರೋ ಹುಯ್ಯೆಂದು ಕೂಗಿ ಚಪ್ಪಾಳೆ ಹೊಡೆದರು.

“ಐದು ವರ್ಷ,” ಅಂದಳು ಮುದುಕಿ. “ಐದು ವರ್ಷ ಬದುಕಿರುವವಳಿಗೆ ದೀಪ ಹಚ್ಚಿದೆ. ಅದು ಒಳ್ಳೆಯದಲ್ಲ. ನನ್ನ ಕೈಯಲ್ಲಿ ಅಂಥ ಪಾಪ ಮಾಡಿಸಿದನಲ್ಲ ಅವನು!”

“ಸುಳ್ಳು ಹೇಳಿದ್ದು ಅವನೊಬ್ಬನೇ ಅಲ್ಲ,” ಅಂದಳು ಲತಾಶ್ರೀ. ಆರು ವರ್ಷದಿಂದ ಹೊರಗೆ ಬಾರದ ಅಳು ಆಗ ಬಂತು. ಪೀಠದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮುಖ ಮುಚ್ಚಿಕೊಳ್ಳದೆ ಅತ್ತಳು. ಎರ್ನಾ ಸಮಾಧಾನ ಮಾಡಲಿಲ್ಲ. ಆದರೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಒಳಗೆ ಬರಲು ನೋಡಿದ ಯಾರನ್ನೋ ಗದರಿಸಿ ಕಳಿಸಿದಳು.

“ಮಗು?” ಎಂದು ಬಹಳ ಹೊತ್ತಾದ ಮೇಲೆ ಕೇಳಿದಳು.

“ಅದು ನಿಜ.”

“ಸರಿ,” ಅಂದಳು ಎರ್ನಾ. ಪುಸ್ತಕಕ್ಕೆ ದಾರದಲ್ಲಿ ಕಟ್ಟಿದ್ದ ಪೆನ್ನು ತೆಗೆದು ಅವಳ ಕೈಗಿಟ್ಟಳು. “ಅವನ ಹೆಸರು ಬರಿ. ನಿಮ್ಮ ಅಕ್ಷರದಲ್ಲೇ. ನಿನ್ನದನ್ನು ಹೊಡೆದು ಹಾಕಬೇಡ. ಈ ಪುಸ್ತಕದಲ್ಲಿ ಒಮ್ಮೆ ಬರೆದದ್ದನ್ನು ಯಾರೂ ಹೊಡೆಯುವುದಿಲ್ಲ.”

ಲತಾಶ್ರೀ ‘ದೇವೇಂದ್ರ’ ಎಂದು ಬರೆದಳು. ಅವನ ಅಕ್ಷರದ ಪಕ್ಕ ಅವಳದು ಸೊಟ್ಟಗೆ ಕಂಡಿತು. ಕನ್ನಡ ಬರೆದು ಎಷ್ಟು ವರ್ಷವಾಗಿತ್ತೋ. ಹೊರಗೆ ಬಂದಾಗ ಎರ್ನಾ ಒಂದು ಕಾಗದದ ಪೊಟ್ಟಣದಲ್ಲಿ ಉಪ್ಪು ಉದುರಿಸಿದ ಎರಡು ಪ್ರೆಟ್ಜೆಲ್ ಬ್ರೆಡ್ಡು ಸುತ್ತಿಕೊಟ್ಟಳು. ಮುಖ ಇನ್ನೂ ಬಿಗಿದೇ ಇತ್ತು. “ತಿನ್ನು. ಬದುಕಿರುವವರು ತಿನ್ನಬೇಕು,” ಅಂದು ತಿರುಗಿ ಹೋದಳು.

ಅಂದು ಸಂಜೆ ಮನೆಯಲ್ಲಿ ಲತಾಶ್ರೀ ಮಗಳ ಹೆಸರನ್ನು ಒಂದು ಸಲ ಗಟ್ಟಿಯಾಗಿ ಕರೆದಳು. ಖಾಲಿ ಮನೆಯಲ್ಲಿ ಅದು ಒಬ್ಬ ಮುದುಕಿಯನ್ನು ಕೂಗಿದಂತೆ ಕೇಳಿಸಿತು. ಮತ್ತೊಮ್ಮೆ ಕರೆದಳು, ಮೆಲ್ಲಗೆ.

ನವೆಂಬರಿನ ಮೊದಲ ಭಾನುವಾರ ಎರ್ನಾಳ ಫೋನ್ ಬಂತು. ಈ ಸಲ ಎರಡೇ ದೀಪ ಹಚ್ಚಿದ್ದೇನೆ, ಅವನಿಗೊಂದು, ಮಗುವಿಗೊಂದು ಎಂದಷ್ಟೇ ಹೇಳಿ ಇಟ್ಟಳು.

ಆದರೆ ‘ಇವತ್ತು ನಕ್ಕಳು’ ಎಂಬ ಆ ಎರಡು ಶಬ್ದ ಲತಾಶ್ರೀಯನ್ನು ಬಿಡಲಿಲ್ಲ. ಎರಡು ಸಾವಿರದ ಮೂರರ ನವೆಂಬರ್ ಎರಡು, ಭಾನುವಾರ. ಬೆಳಿಗ್ಗೆ ದೇವೇಂದ್ರ ಏನಾದರೂ ಹೇಳಿದ್ದನೇ? ಟೀವಿಯಲ್ಲಿ ಏನಾದರೂ ಬಂದಿತ್ತೇ? ದೋಸೆ ಸೀದಿತ್ತೇ? ಹಳೆಯ ಕ್ಯಾಲೆಂಡರ್ ತೆಗೆದು ನೋಡಿದಳು. ಆ ಚೌಕದಲ್ಲಿ ಕಸ ಹೊರಗಿಡುವ ಗುರುತು ಬಿಟ್ಟರೆ ಏನೂ ಇರಲಿಲ್ಲ. ಶಂಕರ್‌ನನ್ನೂ ಕೇಳಿದಳು. “ನಂಗೆಂಗ್ ಗೊತ್ತಾಗತ್ತೆ ಲತಕ್ಕ, ನಿಮ್ಮನೇಲಿ ನೀವ್ ನಕ್ಕಿದ್ದು?” ಅಂದ ಅವನು.

ದೀಪಾವಳಿಗೆ ಅವನ ಮನೆಯಲ್ಲಿ ಊಟವಿತ್ತು. ಶಂಕರ್‌ನ ಹೆಂಡತಿ ಏನೋ ತಮಾಷೆ ಮಾಡಿದಳು, ಎಲ್ಲರೂ ನಕ್ಕರು. ಲತಾಶ್ರೀಗೂ ನಗು ಬಂತು, ಅಂಗೈ ತಾನಾಗಿ ಬಾಯಿಗೆ ಅಡ್ಡ ಹೋಯಿತು. ನಗುತ್ತಿರುವಾಗಲೇ ಕೋಣೆಯ ಆಚೆ, ದೇವೇಂದ್ರ ಕೋಕ್ ಡಬ್ಬಿ ಹಿಡಿದು ಕೂರುತ್ತಿದ್ದ ಮೂಲೆಯಿಂದ ಯಾರೋ ತಲೆಯೆತ್ತಿ ತನ್ನನ್ನು ನೋಡಿದ ಹಾಗಾಯಿತು. ಅವಳು ಅತ್ತ ತಿರುಗಲಿಲ್ಲ. ನಗುವನ್ನು ಅರ್ಧಕ್ಕೆ ನಿಲ್ಲಿಸಲೂ ಇಲ್ಲ.