ಎರಡು ಸರಾಸರಿ

ಶುಕ್ರವಾರದ ಕೇಕ್ ತರುವ ಸರದಿ ಟೀರಾಳದು. ತಂದು ಮೇಜಿನ ಮೇಲೆ ಕುಕ್ಕಿದಳು, ಕೊಯ್ಯಲಿಲ್ಲ. ಆರ್ಹುಸ್ ನಗರದ ಮೆದುಳಿನ ಪ್ರಯೋಗಾಲಯದ ಆರು ಜನ ತಟ್ಟೆ ಹಿಡಿದು ಕಾಯುತ್ತಿದ್ದರು.

ಅವಳ ಪಿಎಚ್‌ಡಿ ಪ್ರಬಂಧಕ್ಕೆ ಐದೇ ವಾರ ಉಳಿದಿತ್ತು. ಮೈಗ್ರೇನ್ ಇರುವವರ ಮೆದುಳಿನ ಹೊರಪದರ ಆರೋಗ್ಯವಂತರದ್ದಕ್ಕಿಂತ ತೆಳು ಎನ್ನುವುದೇ ಅದರ ಮುಖ್ಯ ಅಧ್ಯಾಯ. ಲೆಕ್ಕ ಮಾಡಿಕೊಟ್ಟವನು ಮುಖ್ಯಸ್ಥ ಆಸ್ಗರ್. ನಿನ್ನೆ ಅವಳು ಅವನ ಫೈಲು ತೆರೆದು ಅದೇ ಲೆಕ್ಕವನ್ನು ತಾನೇ ಮತ್ತೆ ಮಾಡಿ ನೋಡಿದ್ದಳು.

"ರೋಗಿಗಳ ಸರಾಸರಿ ವಯಸ್ಸು ನಲವತ್ತೇಳು," ಎಂದಳು ಆಸ್ಗರ್ ಕಡೆ ತಿರುಗಿ. "ಆರೋಗ್ಯವಂತರು ಅಂತ ನೀನು ಹಿಡ್ಕೊಂಡು ಬಂದಿದ್ದು ಮೆಡಿಕಲ್ ಹುಡುಗರನ್ನ. ಇಪ್ಪತ್ನಾಲ್ಕು. ವಯಸ್ಸಾದ್ರೆ ಎಲ್ಲರದ್ದೂ ತೆಳ್ಳಗಾಗತ್ತೆ."

"ವಯಸ್ಸನ್ನ ಲೆಕ್ಕಕ್ಕೆ ಸೇರ್ಸಿದೀನಲ್ಲ ಮಹಾರಾಯ್ತಿ! ಕೇಕ್ ಕೊಯ್ಯಿ."

"ಹೇಗೆ ಸೇರ್ಸಿದೀಯ? ಎಲ್ಲರದ್ದೂ ಸೇರಿಸಿ ಒಂದೇ ಸರಾಸರಿ ವಯಸ್ಸು ತೆಗೆದು, ಅದನ್ನ ಪ್ರತಿಯೊಬ್ಬರ ವಯಸ್ಸಿಂದ ಕಳೀಬೇಕಿತ್ತು. ನೀನು ರೋಗಿಗಳಿಗೆ ರೋಗಿಗಳದ್ದು ಕಳೆದೆ, ಹುಡುಗರಿಗೆ ಹುಡುಗರದ್ದು. ಕಳೆದ ಮೇಲೆ ನಲವತ್ತೇಳರ ಹೆಂಗಸೂ ಸೊನ್ನೆ, ಇಪ್ಪತ್ನಾಲ್ಕರ ಹುಡುಗನೂ ಸೊನ್ನೆ. ಕಂಪ್ಯೂಟರಿಗೆ ಇಬ್ಬರೂ ಓರಗೆಯವರು! ಇಪ್ಪತ್ಮೂರು ವರ್ಷದ ಸವೆತಾನೆಲ್ಲ ಮೈಗ್ರೇನ್ ತಲೆಗೆ ಕಟ್ಟಿದೀಯ."

ಅವಳು ಕೀಲಿ ಒತ್ತಿದಳು, ಪರದೆಯ ಮೇಲೆ ಎರಡು ಮೆದುಳು ಮೂಡಿದವು. ಒಂದರ ತುಂಬ ಇಲ್ಲಿ ತೆಳು ಎಂದು ತೋರಿಸುವ ಕೆಂಪು ಕಲೆ, ಅದು ಆಸ್ಗರ್‌ನ ಲೆಕ್ಕ. ಇನ್ನೊಂದು ಬರೀ ಬೂದು, ಅದು ಅವಳದು.

ಆಸ್ಗರ್‌ನ ಕುತ್ತಿಗೆ ಕೆಂಪಾಯಿತು. "ಏನು ಗಳಿಸಿದ ಹಾಗಾಯ್ತು ಈಗ? ಹೋಗಿದ್ದು ನಿನ್ನ ಅಧ್ಯಾಯ. ಸರಿ, ವ್ಯತ್ಯಾಸ ಇಲ್ಲ ಅಂತ ಬರ್ದುಬಿಡು."

"ಅದೂ ಸುಳ್ಳೇ. ಎರಡು ಗುಂಪಲ್ಲೂ ಒಂದೇ ವಯಸ್ಸಿನವರು ಒಬ್ರೂ ಇಲ್ಲ. ಯಾವುದು ವಯಸ್ಸು, ಯಾವುದು ರೋಗ ಅಂತ ಯಾವ ಲೆಕ್ಕಾನೂ ಬಿಡಿಸಲ್ಲ. ತಲೆನೋವಿಲ್ಲದ ನಡುವಯಸ್ಸಿನವರು ಮೂವತ್ತು ಜನ ಬೇಕು. ಹೊಸದಾಗಿ ಸ್ಕ್ಯಾನ್ ಮಾಡ್ಬೇಕು." ಅವಳು ಒಂದು ಕಾಗದ ತಳ್ಳಿದಳು. "ಗಡುವು ಆರು ತಿಂಗಳು ಮುಂದಕ್ಕೆ ಹಾಕೋ ಅರ್ಜಿ. ಸಹಿ ಹಾಕು."

"ಹಾಕಲ್ಲ."

"ಬೇಡ ಬಿಡು. ಎರಡು ಚಿತ್ರಾನೂ ಪ್ರಬಂಧದಲ್ಲಿ ಪಕ್ಕಪಕ್ಕ ಹಾಕ್ತೀನಿ. ಯಾವುದು ಯಾರ ಲೆಕ್ಕ ಅಂತ ಕೆಳಗೆ ಹೆಸರು ಬರೀತೀನಿ. ಫೇಲಾದ್ರೆ ಆಗ್ಲಿ."

ಯಾರೋ ತಟ್ಟೆ ಕೆಳಗಿಟ್ಟ ಸದ್ದಾಯಿತು. ಆಸ್ಗರ್ ಸುತ್ತ ನೋಡಿದ. ಒಬ್ಬರೂ ಅವನ ಕಡೆ ನೋಡುತ್ತಿರಲಿಲ್ಲ. ಅವಳ ಕೈಯಿಂದ ಪೆನ್ನು ಕಿತ್ತುಕೊಂಡು, ಕಾಗದ ಹರಿಯುವಷ್ಟು ಒತ್ತಿ ಸಹಿ ಗೀಚಿದ.

"ಆ ಮೂವತ್ತು ಜನಾನ ಎಲ್ಲಿಂದ ತರ್ತೀಯೋ ನೋಡ್ತೀನಿ."

ಟೀರಾ ಕಾಗದ ಮಡಚಿಟ್ಟುಕೊಂಡು ಚಾಕು ಎತ್ತಿಕೊಂಡಳು.

"ಇಪ್ಪತ್ತೊಂಬತ್ತೇ ಸಾಕು. ನಿಂಗೆ ನಲವತ್ತಾರು, ತಲೆನೋವೂ ಇಲ್ಲ. ಒಂದು ಗಂಟೆಗೆ ಸ್ಕ್ಯಾನ್ ಯಂತ್ರ ಖಾಲಿ ಇದೆ. ಅದರ ಅಯಸ್ಕಾಂತ ಲೋಹ ಎಳೆಯತ್ತೆ, ಬೆಲ್ಟು ಬಿಚ್ಚಿಟ್ಟು ಬಾ."