ಇಲ್ಲಿಂದಾಚೆ ನನ್ನ ಹತ್ತಿರ ಇದೆ

ಟೇಪು ಸುತ್ತುವಾಗ ಏನೋ ಕೆರೆದಂತೆ ಕೇಳಿಸುತ್ತದೆ, ಹಳೆಯ ಯಂತ್ರ, ಮೇಷ್ಟ್ರ ಮೊಣಕಾಲಿನ ಹಾಗೆ ಅದೂ ಸವೆದಿದೆ, ಇಪ್ಪತ್ತೆರಡು ವರ್ಷ ಇಬ್ಬರೂ ಜೊತೆಯಲ್ಲೇ ಮನೆಮನೆ ತಿರುಗಿ ಹಾಡು ಬೇಡಿದ್ದು, ಮುನ್ನೂರ ಹನ್ನೊಂದು ಕಥನಗೀತೆ, ಇನ್ನೊಂದು ಸೇರಿದರೆ ಪುಸ್ತಕ ಮುಗಿಯಿತು, ನಾಳೆ ಕೊಡದಿದ್ರೆ ನಾನು ಬೇರೆ ಕೆಲಸ ಹಿಡೀತೀನಿ ಅಂದಿದ್ದಾನೆ ಅಚ್ಚಿನವನು, ಹೆಂಡತಿಗೆ ನಗು, ಪುಸ್ತಕದ ಮೇಲೆ ಸಮಗ್ರ ಅಂತ ಯಾಕ್ರೀ ಹಾಕಿಸ್ತೀರಾ, ಸಮುದ್ರಕ್ಕೆ ಮುಚ್ಚಳ ಮಾಡಿಸಿದ ಹಾಗೆ — ನಗಲಿ, ನಿಜವನ್ನೇ ಹೇಳಿದಳು, ಒಂದನ್ನು ಹಿಡಿಯುವಷ್ಟರಲ್ಲಿ ನಾಲ್ಕು ಜಾರುತ್ತವೆ, ಆದರೆ ಈ ದೋಣಿಯವನ ಮಗಳ ಹಾಡು ಜಾರಿದ್ದಲ್ಲ, ಕೈಯಾರೆ ಕಳೆದದ್ದು, ಎದುರಿಗೆ ಕೂತ ಈ ಮುದುಕಿಯೇ ಹಾಡಿದ್ದಳು, ಹನ್ನೆರಡು ವರ್ಷದ ಹಿಂದೆ, ಬಟ್ಟೆ ಹೊಲಿಯುತ್ತ, ಹೊಲಿಗೆ ನಿಂತರೆ ಹಾಡೂ ನಿಲ್ಲುತ್ತಿತ್ತು, ನಲವತ್ತು ನುಡಿ ಆದ ಮೇಲೆ ಟೇಪಿನಲ್ಲಿ ಮೇಷ್ಟ್ರದೇ ದನಿ, ಸಾಕು ಅಮ್ಮಾ, ಇಲ್ಲಿಂದಾಚೆ ನನ್ನ ಹತ್ತಿರ ಇದೆ, ಬೇರೆಯವರು ಹಾಡಿದ್ದಾರೆ, ಹೊಸದೊಂದು ಹೇಳಿ — ಅಯ್ಯೋ ಮಂಕೇ, ಟೇಪು ಉಳಿಸಿ ಏನು ಕಟ್ಟಿಕೊಂಡೆ, ಬೇರೆಯವರ ಹಾಡಿನಲ್ಲಿ ಹುಡುಗಿ ಮೂವತ್ತನೆಯ ನುಡಿಗೇ ಮುಳುಗುತ್ತಾಳೆ, ಇವಳ ಹಾಡಿನಲ್ಲಿ ದೋಣಿಯ ಹುಟ್ಟು ಕೈಗೆ ತೆಗೆದುಕೊಳ್ಳುತ್ತಾಳೆ, ಎರಡಕ್ಕೂ ಬೆಸುಗೆ ಹಾಕಲು ಆಗದು ಎಂದು ಗೊತ್ತಾದದ್ದು ಮೊನ್ನೆ, ಕರಡು ತಿದ್ದುವಾಗ, ಓಡಿ ಬಂದರೆ ಮುದುಕಿಯ ಮಗಳು ಬಾಗಿಲಲ್ಲೇ ಹೇಳಿದಳು, ನನ್ನನ್ನೇ ಯಾರು ಅಂತ ಕೇಳ್ತಾರೆ ಮೇಷ್ಟ್ರೆ, ಹಾಡು ಎಲ್ಲಿಂದ ತರೋದು, ಆದರೂ ಪಾಪ, ಅಮ್ಮನ ಕೈಗೆ ಸೂಜಿ, ದಾರ, ಒಂದು ಹರಿದ ದಿಂಬಿನ ಚೀಲ ಕೊಟ್ಟಳು, ಕೈ ಮರೆತಿಲ್ಲ, ಒಂದೊಂದೇ ಹೊಲಿಗೆ ಬೀಳುತ್ತಿದೆ, ಟೇಪಿನ ಹಾಡಿನ ಲಯಕ್ಕೆ ಸರಿಯಾಗಿ, ಮೇಷ್ಟ್ರು ಮುಂದಕ್ಕೆ ಬಾಗುತ್ತಾರೆ, ಬಂತು, ಈಗ ಬಂತು, ಯಾರಪ್ಪಾ ಈ ಹೆಂಗಸು, ಚೆನ್ನಾಗಿ ಹಾಡ್ತಾಳೆ, ನೀವೇ ಅಮ್ಮಾ, ನಿಮ್ಮದೇ ದನಿ, ಹೋಗಪ್ಪಾ, ನನಗೆಲ್ಲಿ ಹಾಡು ಬರುತ್ತೆ — ಹುಡುಗಿ ಹುಟ್ಟು ಹಿಡಿದಳು, ಹೊಳೆ ಉಕ್ಕಿತು, ಸಾಕು ಅಮ್ಮಾ, ಟಕ್, ಸೂಜಿ ಮೇಲೆ ಹೋದದ್ದು ಅಲ್ಲೇ ನಿಂತಿತು, ಆಮೇಲೆ, ಎಂದಳು ಮುದುಕಿ, ಮಗುವಿನ ಮುಖ ಮಾಡಿ, ಆಮೇಲೆ ಆ ಹುಡುಗಿ ಏನಾದ್ಲು, ನಿಮಗೆ ಗೊತ್ತಿರಬೇಕಲ್ಲ, ಓದಿದೋರು — ಮೇಷ್ಟ್ರು ಹಿಂದಕ್ಕೆ ಸುತ್ತುತ್ತಾರೆ, ಮತ್ತೆ ಹೊಳೆ, ಮತ್ತೆ ಟಕ್, ಮತ್ತೆ ಸೂಜಿ ಮೇಲೆ, ಏನಾದ್ಲಪ್ಪಾ, ಗೊತ್ತಿಲ್ಲಮ್ಮಾ, ನನಗೆ ಗೊತ್ತಿಲ್ಲ, ದಾರ ಬಿಗಿದಿದೆ, ಕೈ ಇಳಿಯುತ್ತಿಲ್ಲ, ಸೂಜಿ ಮೇಲೆಯೇ