ಹೊಟ್ಟೆಯುರಿಗೆ ಮದ್ದು

ಬಸ್ಸಿನಿಂದ ಇಳಿಯುವಾಗ ಇನ್ನೂ ಒಂದು ಮೆಟ್ಟಿಲಿದೆ ಎಂಬುದನ್ನು ಹಿರಿಯಾಕೆ ನೋಡಿರಲಿಲ್ಲ. ಕಾಲು ಗಾಳಿಯಲ್ಲಿ ತಡಕಾಡಿತು, ತಲೆ ಹೋಗಿ ಕಂಬಕ್ಕೆ ಬಡಿಯಿತು. ಎದ್ದು ಕುಳಿತವಳು ಮೊದಲು ಮುಟ್ಟಿ ನೋಡಿಕೊಂಡದ್ದು ತಲೆಯನ್ನಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬಟ್ಟೆಯ ಚೀಲವನ್ನು. ಅದರಲ್ಲಿ ಸೋರೆ, ಹೀರೆ, ಬದನೆಯ ಬೀಜಗಳಿದ್ದವು, ಒಂದೊಂದು ಬಗೆಗೂ ಒಂದೊಂದು ಗಂಟು. ಮಾರನೆಯ ಬೆಳಿಗ್ಗೆ ಆ ಬೀಜಗಳ ಬಗ್ಗೆ ನಾನಾ ದೇಶಗಳ ರೈತರ ಮುಂದೆ ಅವಳು ಮಾತನಾಡಬೇಕಿತ್ತು.

ಜೊತೆಗಿದ್ದವಳು ಅವಳ ಓರಗಿತ್ತಿ, ಮೈದುನನ ಹೆಂಡತಿ. ಊರಿನ ಹೆಂಗಸರ ಸಂಘ ಇಬ್ಬರನ್ನೂ ಈ ಪರದೇಶಕ್ಕೆ ಕಳಿಸಿತ್ತು. ಮಾತಿಗೆ ಹಿರಿಯಾಕೆ, ಅವಳಿಗೆ ಆಗದಿದ್ದರೆ ಕಿರಿಯಾಕೆ. ಇಪ್ಪತ್ತೆರಡು ವರ್ಷ ಬೀಜ ಆರಿಸಿ, ಒಣಗಿಸಿ, ಬೂದಿ ಬೆರೆಸಿ ಕುಡಿಕೆಗೆ ತುಂಬಿದವಳು ಕಿರಿಯಾಕೆಯೇ. ಆದರೂ ಊರಿನ ಬಾಯಲ್ಲಿ ಬೀಜದಮ್ಮ ಎಂದರೆ ಹಿರಿಯಾಕೆ. ಕಿರಿಯಾಕೆಗೆ ಅಕ್ಕನನ್ನು ಕಂಡರೆ ಹೊಟ್ಟೆಯುರಿ ಎಂಬುದೂ ಊರಿನ ಹಳೆಯ ಮಾತು. ಇಲ್ಲವೆಂದು ವಾದಿಸುವುದನ್ನು ಅವಳು ಬಿಟ್ಟು ಕಾಲವಾಗಿತ್ತು.

ಬಿದ್ದು ಒಂದು ಗಂಟೆಯೊಳಗೆ ಹಿರಿಯಾಕೆ ಎರಡು ಸಲ ವಾಂತಿ ಮಾಡಿಕೊಂಡಳು. ಇಳಿದುಕೊಂಡಿದ್ದ ಲಾಡ್ಜಿನವರು ಕಾರು ಕರೆಸಿ ಆಸ್ಪತ್ರೆಗೆ ಕಳಿಸಿದರು. ಪರದೆ ಎಳೆದ ಸಣ್ಣ ಜಾಗ, ಚಕ್ರದ ಮಂಚ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅವರ ಭಾಷೆ ಇವರಿಗೆ ಬಾರದು, ಇವರದು ಅವರಿಗೆ ಬಾರದು. ಮಂಚದ ಮೇಲೆ ಒಂದು ಫೋನ್ ಇಟ್ಟರು. ಅದರೊಳಗಿಂದ, ಎಲ್ಲೋ ಕುಳಿತ ಹುಡುಗಿಯೊಬ್ಬಳು ಕನ್ನಡದಲ್ಲಿ ಮಾತನಾಡಿಸಿದಳು. ಅಮ್ಮನ ಬಾಯಿಂದ ಕಲಿತ, ಬೀದಿಯಲ್ಲಿ ಆಡಿ ಬೆಳೆಯದ ಕನ್ನಡ. ಓರಗಿತ್ತಿ ಎಂದರೆ ಏನೆಂದು ಅವಳಿಗೆ ತಿಳಿಯಲಿಲ್ಲ.

"ಅಕ್ಕ ತಂಗೀನಾ ಆಂಟಿ?"

"ಒಂದೇ ಒಲೆ ಊದಿದವರು ಅಂತ ಹೇಳಮ್ಮ," ಎಂದಳು ಹಿರಿಯಾಕೆ.

ಆಮೇಲೆ ಡಾಕ್ಟರು ಕೇಳಿಸಿದ್ದು, ದಿನಾ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು. ಹಿರಿಯಾಕೆ ಇಲ್ಲವೆಂದಳು.

ಅದು ಸುಳ್ಳೆಂದು ಕಿರಿಯಾಕೆಗೆ ಗೊತ್ತಿತ್ತು. ಎಂಟು ತಿಂಗಳ ಹಿಂದೆ ಅಕ್ಕನ ಎದೆಬಡಿತ ತಾಳ ತಪ್ಪಿದಾಗ ಆಸ್ಪತ್ರೆಗೆ ಕರೆದುಕೊಂಡು ಹೋದವಳು ಅವಳೇ. ಇದು ರಕ್ತ ತೆಳುವಾಗಿಸುವ ಮಾತ್ರೆ, ತಲೆಗೆ ಪೆಟ್ಟು ಬಿದ್ದರೆ ಮೊದಲು ಇದನ್ನು ತೋರಿಸಬೇಕು ಎಂದು ಅಲ್ಲಿಯ ಡಾಕ್ಟರು ಹೇಳಿದ್ದು ಅವಳಿಗೇ. ಪ್ರಯಾಣದ ಅರ್ಜಿಯಲ್ಲಿ ಹಿರಿಯಾಕೆ ಯಾವ ಕಾಯಿಲೆಯೂ ಇಲ್ಲವೆಂದು ಬರೆಸಿ, ಮಾತ್ರೆಗಳಿದ್ದ ಬೆಳ್ಳಿ ಬಣ್ಣದ ಹಾಳೆಯನ್ನು ಬೀಜದ ಚೀಲದ ತಳದಲ್ಲಿ ಇಟ್ಟುಕೊಂಡಿದ್ದಳು.

"ಅಕ್ಕ, ಮಾತ್ರೆ," ಎಂದಳು ಮೆಲ್ಲಗೆ.

"ಬಾಯಿ ಮುಚ್ಚು."

ಏನು ಮಾತು ಎಂದು ಫೋನಿನ ಹುಡುಗಿ ಕೇಳಿದಳು.

"ಏನಿಲ್ಲ ಕಣಮ್ಮ. ಇವಳಿಗೆ ಹೊಟ್ಟೆಯುರಿ. ಮೊದಲಿಂದಲೂ ಇದೆ."

ಹುಡುಗಿ ಅದನ್ನೂ ಶ್ರದ್ಧೆಯಿಂದ ಡಾಕ್ಟರಿಗೆ ದಾಟಿಸಿದಳು. ಡಾಕ್ಟರು ಕಿರಿಯಾಕೆಯತ್ತ ತಿರುಗಿ, ಎಷ್ಟು ವರ್ಷದಿಂದ, ಊಟಕ್ಕೆ ಮುಂಚೆಯೋ ಆಮೇಲೆಯೋ ಎಂದು ವಿಚಾರಿಸಿದರು. ಪಕ್ಕೆಲುಬಿನ ಕೆಳಗೆ ಒತ್ತಿ ನೋಡಿದರು. ನರ್ಸು ಬಿಳಿ ಔಷಧಿಯ ಸಣ್ಣ ಸೀಸೆಯೊಂದನ್ನು ತಂದು ಅವಳ ಕೈಗಿಟ್ಟಳು. ಹಿರಿಯಾಕೆ ತಲೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಕೇಳಿದಳು, "ಬಸ್ಸು ಬಂತೇನೇ?"

ಕಿರಿಯಾಕೆ ಅವಳ ಮುಖ ನೋಡಿದಳು. ತಮಾಷೆಯಾಗಿರಲಿಲ್ಲ.

ಸ್ವಲ್ಪ ಹೊತ್ತು ಮಲಗಿರಲಿ, ಆಮೇಲೆ ನೋಡೋಣ ಎಂದು ಹೇಳಿಸಿ ಡಾಕ್ಟರು ಪರದೆ ಸರಿಸಿದರು. ಕಿರಿಯಾಕೆ ಚೀಲಕ್ಕೆ ಕೈ ಹಾಕಿದಳು. ಹಿರಿಯಾಕೆ ಅವಳ ಮಣಿಕಟ್ಟು ಹಿಡಿದಳು. ಹಿಡಿತದಲ್ಲಿ ಇನ್ನೂ ಬಲವಿತ್ತು.

"ಇದನ್ನ ತೋರಿಸಿದ್ರೆ ನಾಳೆ ಅಲ್ಲಿ ನಿಂತು ಮಾತಾಡೋಳು ನೀನು. ಅದಕ್ಕೇ ತಾನೇ?"

"ಹಾಗೇ ಅಂದ್ಕೋ."

ಹಾಳೆ ಹೊರಬರುವಾಗ ಹೀರೆಯ ಗಂಟು ಬಿಚ್ಚಿ ಬೀಜಗಳು ನೆಲಕ್ಕೆ ಚೆಲ್ಲಿದವು. ಕಿರಿಯಾಕೆ ಪರದೆಯಾಚೆ ಚಾಚಿದ ಹಾಳೆಯ ಹಿಂದಿನ ಅಕ್ಷರ ಓದಿ, ಡಾಕ್ಟರು ಯಾರನ್ನೋ ಜೋರಾಗಿ ಕರೆದರು. ಮೂವರು ಬಂದರು. ಮಂಚ ಹೊರಟೇಹೋಯಿತು. ಫೋನ್ ಅದರ ಮೇಲೆಯೇ ಹೋಯಿತು. ಕಿರಿಯಾಕೆ ನೆಲದ ಮೇಲೆ ಕುಳಿತು, ನುಣುಪು ಹಾಸಿನ ಮೇಲೆ ಉಗುರಿಗೆ ಸಿಗದ ಕಪ್ಪು ಬೀಜಗಳನ್ನು ಬೆರಳು ಒದ್ದೆ ಮಾಡಿಕೊಂಡು ಒಂದೊಂದಾಗಿ ಎತ್ತಿದಳು.

ಸಂಜೆಯ ಹೊತ್ತಿಗೆ ಡಾಕ್ಟರು ಫೋನಿನೊಂದಿಗೆ ಬಂದರು. ತಲೆಯೊಳಗೆ ರಕ್ತ ಜಿನುಗಿದೆ, ಹೆಪ್ಪುಗಟ್ಟಲು ಔಷಧಿ ಕೊಟ್ಟಿದ್ದೇವೆ, ಇವತ್ತಿಗೆ ಕೊಯ್ಯುವುದು ಬೇಡ, ನಾಳೆ ಏನೋ ಹೇಳಲಾರೆವು ಎಂದರಂತೆ. "ತಡ ಆಗಿದ್ರೆ ಕಷ್ಟ ಇತ್ತಂತೆ ಆಂಟಿ," ಎಂದು ಹುಡುಗಿ ತಾನೇ ಸೇರಿಸಿದಳು.

ಒಳಗೆ ಬಿಟ್ಟಾಗ ಹಿರಿಯಾಕೆ ತಂತಿಗಳ ನಡುವೆ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಕಿರಿಯಾಕೆ ಚೀಲವನ್ನು ಅವಳ ಕೈಗೆ ಮುಟ್ಟಿಸಿದಳು. ಹಿರಿಯಾಕೆಯ ಬೆರಳುಗಳು ಗಂಟುಗಳನ್ನು ಒಂದೊಂದಾಗಿ ತಡವಿ, ಹೀರೆಯದರ ಮೇಲೆ ನಿಂತವು.

"ಇದು ನೀನು ಕಟ್ಟಿದ್ದು."

"ಹೂಂ."

ಅವಳು ಚೀಲವನ್ನು ದಿಂಬಿನಡಿಗೆ ಸರಿಸಿಕೊಂಡು, ಕಷ್ಟಪಟ್ಟು ಮುಖವನ್ನು ಗೋಡೆಗೆ ತಿರುಗಿಸಿದಳು. "ಬರಿಗೈಲಿ ಹೋಗಿ ಮಾತಾಡು."

ಕಿರಿಯಾಕೆ ಎದ್ದು ಬಂದಳು. ಹೊರಗಿನ ಬೆಂಚಿನ ಮೇಲೆ, ಬಾಗಿಲು ಕಾಣುವಂತೆ ಕುಳಿತಳು. ಬೆಳಿಗ್ಗೆಯಿಂದ ಬಾಯಿಗೆ ಏನೂ ಬಿದ್ದಿರಲಿಲ್ಲ. ಡಾಕ್ಟರು ಒತ್ತಿ ನೋಡಿದ್ದ ಜಾಗದಲ್ಲೇ ಉರಿಯುತ್ತಿತ್ತು. ಸೀಸೆಯ ಮೇಲೆ ಎಷ್ಟು ಕುಡಿಯಬೇಕೆಂದು ಬರೆದಿದ್ದರೂ ಓದಲು ಬಾರದು. ಮುಚ್ಚಳದ ತುಂಬ ಸುರಿದುಕೊಂಡು ಕುಡಿದಳು.